ಡಬಲ್ ಕ್ಯಾಬಿನ್ ಪಿಕಪ್: ಮನೆಯಲ್ಲಿ ಏನು ಮಾಡಬಹುದು, ಯಾವುದಕ್ಕೆ ಕೈ ಹಚ್ಚಬಾರದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಕೆಎ-24 ನಂಬರಿನ ಪಿಕಪ್ ಇಟ್ಟ ರೈತನಿಗೆ ಒಂದೇ ಗಾಡಿ ಎರಡು ಕೆಲಸ ಮಾಡಬೇಕು. ಮುಂಜಾನೆ ಹತ್ತಿ ಬಿಡಿಸುವ ಆಳುಗಳನ್ನು ಹೊಲಕ್ಕೆ ಮುಟ್ಟಿಸಬೇಕು, ಸಂಜೆ ಅದೇ ಹತ್ತಿಯನ್ನು ಪೇಟೆಗೆ ಒಯ್ಯಬೇಕು. ಹೊಸ ಡಬಲ್ ಕ್ಯಾಬಿನ್ ಗಾಡಿಗೆ ರೊಕ್ಕ ಸಾಲದು. ಆಗ ಬರುವ ಮೊದಲ ವಿಚಾರ: ಇದ್ದ ಸಿಂಗಲ್ ಕ್ಯಾಬಿನ್ ಗಾಡಿಯ ಹಿಂದ ಎರಡು ಬೆಂಚು ವೆಲ್ಡ್ ಮಾಡ್ಸಿ, ಮ್ಯಾಲ ತಗಡು ಹಾಕ್ಸಿದ್ರ ಆತಲ್ಲ? ಮೊಬೈಲಿನಾಗ ವಿಡಿಯೋನೂ ಸಿಗ್ತಾವ. ಹೊರದೇಶದ ಯಾರೋ ಒಬ್ಬ ಎರಡು ಹಳೇ ಕ್ಯಾಬಿನ್ ತಂದು, ಕಟರ್‌ನಿಂದ ಕೊಯ್ದು, ಜೋಡಿಸಿ ನಾಲ್ಕು ಬಾಗಿಲಿನ ಗಾಡಿ ಮಾಡಿರ್ತಾನ. ನೋಡಾಕ ಛಲೋ ಇರ್ತದ.

ನಮ್ಮಲ್ಲಿ ಅದನ್ನ ಮಾಡಬ್ಯಾಡ್ರಿ. ಯಾಕೆ ಅನ್ನೋದನ್ನು ಮೊದಲು ಹೇಳಿ, ಆಮೇಲೆ ಮನೆಯಲ್ಲೇ ಧೈರ್ಯವಾಗಿ ಮಾಡಬಹುದಾದ ಕೆಲಸಕ್ಕೆ ಬರೋಣ. ಅದೂ ಕಡಿಮೆ ಏನಿಲ್ಲ.

ಚುಂಚನೂರಿನ ಆಲದ ಮರ

2023ರ ಜನವರಿ ಮೊದಲ ವಾರ. ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ರಾಮದುರ್ಗ ತಾಲ್ಲೂಕು ಹುಲಕುಂದದ ಭಕ್ತರು ಸರಕಿನ ಪಿಕಪ್ ಒಂದನ್ನು ಹತ್ತಿದರು. ರಾತ್ರಿ ಚುಂಚನೂರಿನ ಹತ್ತಿರ ಗಾಡಿ ಆಲದ ಮರಕ್ಕೆ ಬಡಿಯಿತು. 6 ಜನ ತೀರಿಕೊಂಡರು.

ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಗಾಡಿ ಗಕ್ಕನೆ ನಿಂತರೂ ಹಿಂದೆ ಕುಂತವರು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಾರೆ. ಕಂಪನಿಯ ಡಬಲ್ ಕ್ಯಾಬಿನ್‌ನಲ್ಲಿ ಅವರನ್ನು ಹಿಡಿಯಲು ಬೆಲ್ಟ್ ಇದೆ, ಬೆಲ್ಟನ್ನು ಹಿಡಿಯಲು ಬಾಡಿಯಲ್ಲಿ ಗಟ್ಟಿ ಜಾಗ ಇದೆ, ಸುತ್ತ ಚೌಕಟ್ಟು ಇದೆ. ತಗಡಿಗೆ ವೆಲ್ಡ್ ಮಾಡಿದ ಬೆಂಚು ತಗಡಿನ ಸಮೇತ ಹರಿದು ಬರುತ್ತದೆ. ವೆಲ್ಡರ್ ಎಷ್ಟೇ ಶಾಣ್ಯಾ ಇರಲಿ, ತಗಡು ತಗಡೇ.

ಕಾನೂನೂ ಸ್ಪಷ್ಟ ಇದೆ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯ ರಚನೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಶಿಕ್ಷೆಯೂ ಬಂತು: ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ದಂಡ ಕಟ್ಟಿ ಪಾರಾಗಬಹುದು. ವಿಮೆಯ ಪೆಟ್ಟಿನಿಂದ ಪಾರಾಗುವುದು ಕಷ್ಟ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸರಕಿನ ಜೊತೆ ಹೋಗುವ ಸರಕಿನ ಮಾಲೀಕ ಅಥವಾ ಅವನ ಪರವಾಗಿ ಬಂದವನಿಗೆ ಮಾತ್ರ ಕಾಯ್ದೆಯಲ್ಲಿ ಜಾಗ ಇದೆ. ಜಾತ್ರೆಗೆ ಹೊರಟವರಿಗೆ, ಮದುವೆ ದಿಬ್ಬಣಕ್ಕೆ ಇಲ್ಲ. ಪರಿಹಾರದ ಹೊರೆ ಮಾಲೀಕನ ತಲೆಗೆ ಬಂದರೆ ಹೋಗೋದು ಹೊಲ.

ಆಳು ಒಯ್ಯಬೇಕಂದ್ರ

ಆಗ ಕಂಪನಿಯಲ್ಲೇ ಡಬಲ್ ಕ್ಯಾಬಿನ್ ಆಗಿ ಬಂದ ಗಾಡಿ ನೋಡಬೇಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಮಹೀಂದ್ರ ಬೊಲೆರೊ ಕ್ಯಾಂಪರ್, ಟಾಟಾ ಯೋಧ ಕ್ರೂ ಕ್ಯಾಬ್ ನಮ್ಮ ರಸ್ತೆಯಲ್ಲಿ ಕಾಣುವಂಥವು. ಕ್ಯಾಂಪರ್‌ನಲ್ಲಿ ಚಾಲಕ ಸೇರಿ 5 ಜನ, ಹಿಂದೆ ಸುಮಾರು 1 ಟನ್ ಸರಕು. ಕ್ಯಾಬಿನ್ ದೊಡ್ಡದಾದಷ್ಟು ಹಿಂದಿನ ಬಾಡಿ ಗಿಡ್ಡ ಆಗುತ್ತದೆ ಅನ್ನೋದು ನೆನಪಿರಲಿ. 20 ಅಡಿ ಪಿವಿಸಿ ಪೈಪು ದಿನಾ ಒಯ್ಯುವವರಿಗೆ ಇದು ಒಗ್ಗುವುದಿಲ್ಲ.

ಹಳೇ ಗಾಡಿ ಕೊಳ್ಳುವಾಗ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡ್ರಿ. ಆರ್‌ಸಿಯಲ್ಲಿ ಬಾಡಿ ಯಾವುದು, ಸೀಟು ಎಷ್ಟು, ಖಾಲಿ ತೂಕ ಮತ್ತು ಒಟ್ಟು ತೂಕ ಎಷ್ಟು ಅಂತ ಬರೆದಿರುತ್ತದೆ. ಕಣ್ಣಿಗೆ ನಾಲ್ಕು ಬಾಗಿಲು ಕಂಡು ಆರ್‌ಸಿಯಲ್ಲಿ ಎರಡೇ ಸೀಟು ಇದ್ದರೆ, ಮಾರುವವನು ಎಷ್ಟೇ ಕಡಿಮೆ ಹೇಳಲಿ, ತಿರುಗಿ ಬರ್ರಿ.

ಲೆಕ್ಕ ಹಿಂಗ ಐತಿ. 10 ಆಳಿಗೆ ಕ್ಯಾಂಪರ್‌ನಲ್ಲಿ 3 ಟ್ರಿಪ್ ಬೇಕು. ಹೊಲ 6 ಕಿ.ಮೀ. ದೂರ ಇದ್ದರೆ ಹೆಚ್ಚಿನ ಎರಡು ಟ್ರಿಪ್ಪಿಗೆ 24 ಕಿ.ಮೀ. ಗಾಡಿ ಲೀಟರಿಗೆ 12 ಕಿ.ಮೀ. ಕೊಟ್ಟರೆ 2 ಲೀಟರ್ ಡೀಸೆಲ್. ಸಂಜೆ ಮನೆಗೆ ಬಿಡೋದಕ್ಕೆ ಇನ್ನೆರಡು. ಇದು ಭಾರ ಅನ್ನಿಸಿದರೆ ಪ್ರಯಾಣಿಕರ ಪರ್ಮಿಟ್ ಇರುವ ಟೆಂಪೋ ಹಿಡಿಯುವುದೇ ಲೇಸು. ಡಬಲ್ ಕ್ಯಾಬಿನ್ ಇದ್ದರೂ ವಿಮೆ ಮಾಡಿಸುವಾಗ ಚಾಲಕನ ಹೊರತು ಎಷ್ಟು ಜನರನ್ನು ಸೇರಿಸಿದ್ದಾರೆ ಅಂತ ಕೇಳಿ ಬರೆಸಿಕೊಳ್ಳಿ. ಕೂಲಿಯಾಳುಗಳನ್ನು ಹೆಸರಿಸಿ ಕೇಳಿ.

ಇನ್ನು ಮನೆಯ ಕೆಲಸ

ನನ್ನ ಮಟ್ಟಿಗೆ ಒಂದೇ ಕಟ್ಟುನಿಟ್ಟು: ನಟ್ಟು-ಬೋಲ್ಟಿನಲ್ಲಿ ಕೂಡ್ರಿಸಿ, ಬಿಚ್ಚುವ ಹಾಗಿರಲಿ. ಚಾಸಿಯ ಉದ್ದನೆಯ ಎರಡು ತೊಲೆಗಳಿಗೆ ತೂತು ಬೇಡ, ವೆಲ್ಡಿಂಗ್ ಬೇಡ. ಬಿಸಿ ತಾಗಿದ ಜಾಗದಲ್ಲೇ ಮುಂದೆ ಬಿರುಕು ಶುರುವಾಗುವುದು.

ಮೊದಲು ಹಿಂದಿನ ಗಾಜಿಗೆ ಜಾಳಿಗೆ ಹಾಕ್ರಿ. ಡಬಲ್ ಕ್ಯಾಬಿನ್‌ನಲ್ಲಿ ಹಿಂದಿನ ಸೀಟಿನವರ ತಲೆ ಗಾಜಿನ ಮಗ್ಗಲಲ್ಲೇ ಇರುತ್ತದೆ. ಬ್ರೇಕ್ ಹೊಡೆದಾಗ ಮೋಟಾರು, ಪೈಪಿನ ಕಟ್ಟು ಸೀದಾ ಅಲ್ಲಿಗೇ ಬರುತ್ತದೆ. ಬಾಡಿಯ ಮುಂದಿನ ಗೋಡೆಗೆ ಬೋಲ್ಟ್ ಮಾಡಿದ ಚೌಕ ಪೈಪಿನ ಚೌಕಟ್ಟು, ಅದಕ್ಕೆ ದಪ್ಪ ಜಾಳಿಗೆ ಸಾಕು. ಇದರ ಜೊತೆ ಹಗ್ಗ ಬಿಗಿಯಲು ಮೂಲೆ ಮೂಲೆಗೆ ಕೊಂಡಿ.

ಎರಡನೆಯದು ಬೀಗ ಹಾಕುವ ಪೆಟ್ಟಿಗೆ. ಕೀಟನಾಶಕದ ಬಾಟಲಿ, ಕಳೆನಾಶಕದ ಕ್ಯಾನ್, ಸ್ಪ್ರೇಯರ್ ಪಂಪು ಸೀಟಿನ ಕೆಳಗೆ ತುರುಕುವ ಚಾಳಿ ನಮ್ಮಲ್ಲಿ ಜಾಸ್ತಿ. ಕಿಟಕಿ ಮುಚ್ಚಿದ ಕ್ಯಾಬಿನ್‌ನಲ್ಲಿ ಮುಚ್ಚಳ ಸಡಿಲಾದರೆ ಅದರ ಆವಿಯನ್ನು ಐದೂ ಜನ ಉಸಿರಾಡಬೇಕು, ಮಧ್ಯಾಹ್ನದ ರೊಟ್ಟಿ ಬುತ್ತಿಯೂ ಅಲ್ಲೇ ಇರುತ್ತದೆ. ಪೆಟ್ಟಿಗೆ ಹಿಂದಿನ ಬಾಡಿಯಲ್ಲೇ ಇರಲಿ, ಗಾಳಿಯಾಡಲು ಮೇಲೆ ಕಿಂಡಿ ಬಿಡ್ರಿ, ಒಳಗೆ ಪ್ಲಾಸ್ಟಿಕ್ ತಟ್ಟೆ ಇಡ್ರಿ.

ನೆಲಕ್ಕೆ ದಪ್ಪ ಕಬ್ಬಿಣದ ಪ್ಲೇಟು ಹಾಸುವ ಮುಂಚೆ ತೂಕ ನೋಡಿ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ 3 ಮಿ.ಮೀ. ಪ್ಲೇಟು ಸುಮಾರು 70 ಕಿಲೋ ಬರುತ್ತದೆ. ಅಂದರೆ 50 ಕಿಲೋದ ಗೋವಿನಜೋಳದ ಚೀಲ ಒಂದೂವರೆ ಪ್ರತಿ ಟ್ರಿಪ್ಪಿಗೆ ಖೋತಾ. ರಬ್ಬರ್ ಮ್ಯಾಟ್ ಹಗುರ. ಆದರೆ ಗೊಬ್ಬರ ಒಯ್ದ ದಿನ ಮ್ಯಾಟ್ ಎತ್ತಿ ತೊಳೆಯಲೇಬೇಕು. ಪೊಟ್ಯಾಷ್ ಉಪ್ಪಿನ ಜಾತಿ, ಹಸಿ ಜೊತೆ ಸೇರಿದರೆ ತಗಡನ್ನು ಕೆಳಗಿನಿಂದಲೇ ತಿನ್ನುತ್ತದೆ.

ಈಗ ಪಾಟಾ ವಿಚಾರ. ಒಂದು ಪಾಟಾ ಹೆಚ್ಚಿಗೆ ಹಾಕಿಸಿದರೆ ಭಾರ ತಡೀತದ ಅನ್ನೋ ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳುತ್ತದೆ. ಪಾಟಾ ತಡೆಯಬಹುದು, ಬ್ರೇಕು, ಟೈರು, ಆಕ್ಸಲ್ ಹಳೆಯವೇ. ಇನ್ನೊಂದು ಗುಟ್ಟು ಹೆಚ್ಚಿನವರಿಗೆ ಗೊತ್ತಿಲ್ಲ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಸಣ್ಣ ಸಲಾಕೆಗೆ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಭಾರ ಬಿದ್ದು ಚಾಸಿ ಕೆಳಗಿಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಾಟಾ ಹೆಚ್ಚಿಸಿ ಗಾಡಿ ಎತ್ತರ ನಿಂತರೆ, ಒಂದು ಟನ್ ಹೇರಿದ್ದರೂ ವಾಲ್ವಿಗೆ ಗಾಡಿ ಖಾಲಿ ಅನ್ನಿಸುತ್ತದೆ, ಹಿಂದಿನ ಬ್ರೇಕು ಬೇಕಾದಷ್ಟು ಹಿಡಿಯುವುದಿಲ್ಲ. ಯಲ್ಲಮ್ಮನ ಗುಡ್ಡದ ಇಳಿಜಾರಿನಲ್ಲಿ ಇದು ಗೊತ್ತಾದರೆ ತಡವಾಯಿತು. ಪಾಟಾ ಕೂತಿದ್ದರೆ ಅದೇ ಅಳತೆಯದನ್ನು ಬದಲಿಸಿ. ಆರ್‌ಸಿಯ ಒಟ್ಟು ತೂಕವಂತೂ ಪಾಟಾದಿಂದ ಏರುವುದಿಲ್ಲ, ಹೆಚ್ಚು ಹೇರಿ ಸಿಕ್ಕರೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ರಾತ್ರಿ ಲೋಡ್ ಮಾಡಲು ಹಿಂದೆ ಲೈಟು ಬೇಕಾದರೆ ಹೆಡ್‌ಲೈಟ್ ವಯರಿಗೆ ಸುತ್ತಬೇಡಿ. 55 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ 9 ಆಂಪಿಯರ್ ಮೀರಿ ಎಳೆಯುತ್ತವೆ. ಬ್ಯಾಟರಿಯ ಮಗ್ಗಲಿಗೇ 15 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇ, 2.5 ಎಂಎಂ ವಯರು. ಎಲ್‌ಇಡಿ ಹಾಕಿದರೆ ಇನ್ನೂ ಹಗುರ. ಈ ಲೈಟು ರಸ್ತೆಯಲ್ಲಿ ಉರಿಯಬಾರದು, ಹಿಂದೆ ಬರುವ ಬೈಕಿನವನ ಕಣ್ಣು ಕುಕ್ಕುತ್ತದೆ. ಮುಂದಿನ ದಪ್ಪ ಬಂಪರ್ ಗಾರ್ಡ್ ಆಸೆ ಬಿಡ್ರಿ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮಕ್ಕೆ ಸೂಚಿಸಿದೆ.

ಬಾಡಿಯ ತಗಡಿಗೆ ಪ್ಯಾಚ್ ವೆಲ್ಡಿಂಗ್ ಅನಿವಾರ್ಯವಾದರೆ ಮೊದಲು ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿ, ವೆಲ್ಡಿಂಗ್ ಅರ್ತ್ ಕ್ಲಿಪ್ಪನ್ನು ಪ್ಯಾಚಿನ ಮಗ್ಗಲಿಗೇ ಹಚ್ಚಿಸಿ. ದೂರ ಹಚ್ಚಿದರೆ ಕರೆಂಟು ಬೇರಿಂಗ್, ಸೆನ್ಸರ್ ಹಾದು ಹೋಗುತ್ತದೆ, ಕಾಮನ್ ರೈಲ್ ಗಾಡಿಯ ಇಸಿಎಂ ಸುಟ್ಟರೆ ಪ್ಯಾಚಿನ ಕೂಲಿಯ ಎಷ್ಟೋ ಪಟ್ಟು ಖರ್ಚು.

ಬಣ್ಣ ಬದಲಿಸುವ ಮನಸ್ಸಿದ್ದರೆ ಬೈಲಹೊಂಗಲದ ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳಿ, ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್‌ಗೆ ಗಾಡಿ ಒಯ್ಯುವಾಗ ತಾಡಪತ್ರಿಯ ಪೈಪು, ಪೆಟ್ಟಿಗೆ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗ್ರಿ. ಬೋಲ್ಟಿನಲ್ಲಿ ಕೂಡ್ರಿಸಿದ್ದರೆ ಅರ್ಧ ತಾಸಿನ ಕೆಲಸ.