ಊರಿಂದೂರಿಗೆ ಹೋದ ಫಾರ್ವರ್ಡ್

ಕಾಲ್ಚೆಂಡಾಟದ ಮಾತು ಬಂದೊಡನೆ ಬ್ರೆಜಿಲ್ ದೇಶವೂ, ಬ್ರೆಜಿಲ್ ಎಂದೊಡನೆ ಪೆಲೆಯೂ ನಮಗೆ ನೆನಪಾಗುವುದು ಸಹಜ. 1958, 1962 ಮತ್ತು 1970ರಲ್ಲಿ ವಿಶ್ವಕಪ್ ಗೆದ್ದ ಆ ಮಹಾ ಆಟಗಾರನನ್ನು ಕುರಿತು ಬರೆಯಲು ನಾನು ಹೊರಟಿಲ್ಲ. ಅದೇ ದೇಶದಲ್ಲಿ ಹುಟ್ಟಿ, ರಾಷ್ಟ್ರತಂಡದ ಹಳದಿ ಅಂಗಿಯನ್ನು ಒಮ್ಮೆಯೂ ತೊಡದೆ, ಚೆಂಡನ್ನೇ ಕಸುಬಾಗಿ ಹಿಡಿದು ಊರಿಂದೂರಿಗೆ ನಡೆದ ಒಬ್ಬ ಫಾರ್ವರ್ಡ್ ಆಟಗಾರನ ಕಥೆ ಇದು. ಆತನ ಹೆಸರು ಕ್ಲೇಟನ್ ಸಿಲ್ವ. ಎರಡು ವರ್ಷಕಾಲ ಆತ ಬೆಂಗಳೂರು ಎಫ್.ಸಿ. ತಂಡದವನಾಗಿದ್ದ.

1987ರಲ್ಲಿ ಹುಟ್ಟಿದ ಈತ ಆಡತೊಡಗಿದ್ದು ರಿಯೊ ಡಿ ಜನೈರೊ ನಗರದ ಹೊರವಲಯದ ಮದುರೈರಾ ಎಂಬ ಸಣ್ಣ ಕ್ಲಬ್ಬಿನಲ್ಲಿ. ಬ್ರೆಜಿಲಿನ ದೊಡ್ಡ ಕ್ಲಬ್ಬುಗಳಿಗೆ ವರ್ಷವೆಲ್ಲ ಆಟವುಂಟು. ಸಣ್ಣ ಕ್ಲಬ್ಬುಗಳ ಪಾಡು ಬೇರೆ. ವರ್ಷಾರಂಭದ ಕೆಲವು ತಿಂಗಳು ಅವು ತಮ್ಮ ಪ್ರಾಂತದ ಪಂದ್ಯಾವಳಿ ಆಡುತ್ತವೆ. ಅದು ಮುಗಿದರೆ ಎಷ್ಟೋ ಆಟಗಾರರಿಗೆ ಕೆಲಸವೇ ಇರುವುದಿಲ್ಲ. ಮಳೆ ಹೋದ ಸೀಮೆಯ ಜನ ಗುಳೆ ಹೊರಡುವಂತೆ ಅವರು ಪರದೇಶಗಳಿಗೆ ಹೊರಡುತ್ತಾರೆ. ಅಲ್ಲಿಯೂ ಹಲವೆಡೆ ತಂಡದಲ್ಲಿ ವಿದೇಶೀಯರಿಗೆ ಕೆಲವೇ ಸ್ಥಾನಗಳು ಇರುವುದರಿಂದ, ತಂಡದವರು ಗೋಲು ಹೊಡೆಯಬಲ್ಲವನನ್ನೇ ಮೊದಲು ಹುಡುಕುತ್ತಾರೆ. ರಕ್ಷಣೆಯ ಆಟಗಾರನಿಗೆ ಸಂಗಡಿಗರೊಡನೆ ಹೊಂದಿಕೊಳ್ಳಲು ಕಾಲ ಬೇಕು, ಭಾಷೆ ಬೇಕು. ಫಾರ್ವರ್ಡ್‌ನನ್ನು ಗೋಲಿನ ಲೆಕ್ಕದಿಂದ ಅಳೆಯುತ್ತಾರೆ. ಲೆಕ್ಕ ತಪ್ಪಿದರೆ ಮುಂದಿನ ವರ್ಷದ ಕರಾರಿಲ್ಲ.

ಸಿಲ್ವನಿಗೆ ಲೆಕ್ಕ ತಪ್ಪಲಿಲ್ಲ. ಥಾಯ್ಲೆಂಡಿನಲ್ಲಿ ಓಸೋತ್‌ಸ್ಪಾ, ಬೆಕ್ ತೆರೊ, ಮುವಾಂಗ್‌ಥಾಂಗ್. ನಡುವೆ ಚೀನಾದ ಶಾಂಘೈ ಶೆನ್‌ಶಿನ್. ಮತ್ತೆ ಥಾಯ್ಲೆಂಡಿನ ಚಿಯಾಂಗ್‌ರಾಯ್, ಸುಫನ್‌ಬುರಿ. ಹೆಸರುಗಳು ನಾಲಗೆಗೆ ತೊಡಕು, ಓದುಗರು ಕ್ಷಮಿಸಬೇಕು. 2012ರಲ್ಲಿ 24 ಗೋಲು ಹೊಡೆದು ಆತ ಆ ದೇಶದ ಲೀಗಿನಲ್ಲಿ ಅಗ್ರಸ್ಥಾನವನ್ನು ಹಂಚಿಕೊಂಡ.

2020ರಲ್ಲಿ ಆತ ಬೆಂಗಳೂರು ತಂಡಕ್ಕೆ ಬಂದ. ಆದರೆ ಅದು ಕೊರೋನಾ ಕಾಲ. ಇಂಡಿಯನ್ ಸೂಪರ್ ಲೀಗಿನ 2020-21 ಮತ್ತು 2021-22ರ ಪಂದ್ಯಗಳೆಲ್ಲ ಗೋವೆಯಲ್ಲಿ, ಬಹುಪಾಲು ಬರಿದಾದ ಮೈದಾನಗಳಲ್ಲಿ ನಡೆದವು. ಎರಡು ಋತುಗಳಲ್ಲಿ 16 ಗೋಲು ಹೊಡೆದ ನಮ್ಮ ಫಾರ್ವರ್ಡ್, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಪರವಾಗಿ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ! ಕುವೆಂಪುನಗರದ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ನಾನು ಆತನನ್ನು ನಮ್ಮವನೆಂದು ಕೂಗಿದ್ದೆ. ಆ ಕೂಗು ಆತನಿಗೆ ಕೇಳುವಂತಿರಲಿಲ್ಲ; ಮೈದಾನದಲ್ಲಿ ಕೂಗುವವರೂ ಇರಲಿಲ್ಲ.

2022ರಲ್ಲಿ ಆತ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ. ಅದೇ ವರ್ಷ ನವೆಂಬರ್ 11ರಂದು ಆ ತಂಡದೊಡನೆ ಕಂಠೀರವಕ್ಕೆ ಬಂದ. ಈಸ್ಟ್ ಬೆಂಗಾಲ್ 1-0ರಿಂದ ಗೆದ್ದಿತು. ಗೋಲು ಹೊಡೆದವನು ಸಿಲ್ವ. ಡಿಸೆಂಬರ್ 30ರಂದು ಕಲ್ಕತ್ತೆಯಲ್ಲಿ ಮತ್ತೆ ಬೆಂಗಳೂರಿನ ಮೇಲೆ ಎರಡು ಗೋಲು. ಎರಡನೆಯದು ಕೊನೆಯ ಗಳಿಗೆಯ ಫ್ರೀ ಕಿಕ್.

ಅಂದು ನಾನು ಸಿಟ್ಟಿನಿಂದ, "ಉಂಡ ಮನೆಗೆ ಎರಡು ಬಗೆದ" ಎಂದೆ. ಪಕ್ಕದಲ್ಲಿದ್ದ ಅಪ್ಪ, "ಈಗ ಅವನಿಗೆ ಕೂಲಿ ಕೊಡುವವರು ಯಾರು?" ಎಂದು ಕೇಳಿದರು. ನಾನು ಹೇಳಿದೆ. "ಮತ್ತೆ?" ಎಂದರು, ಅಷ್ಟೇ. ಅಪ್ಪ ಗಾರೆ ಕೆಲಸದವರು. ನಮ್ಮ ಬಡಾವಣೆಯಲ್ಲಿ ಅವರು ಗೋಡೆ ಎಬ್ಬಿಸಿದ ಮನೆಗಳು ಹಲವಿವೆ. ಗೃಹಪ್ರವೇಶದ ದಿನ ಉಂಡು, ಶಲ್ಯ ಹೊದ್ದು, ಮರುದಿನ ಬೇರೊಂದು ಪಾಯದ ಬಳಿ ನಿಂತಿರುತ್ತಾರೆ. ನನ್ನ ಬಿ.ಎ. ಓದು ನಡೆದದ್ದು ಆ ಪಾಯಗಳಿಂದಲೇ.

ಬೆಂಗಳೂರಿನಿಂದ ಈಸ್ಟ್ ಬೆಂಗಾಲಿಗೆ ಹೋದ ಫಾರ್ವರ್ಡ್‌ಗಳಲ್ಲಿ ಸಿಲ್ವ ಮೊದಲನೆಯವನೇನೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಇದೇ ದಾರಿ ಹಿಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಅವರೊಡನೆ ಸೇರಿ "ಪಂಚ ಪಾಂಡವ"ರೆನಿಸಿಕೊಂಡರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿದಾಗ ಆ ಒಂದು ಗೋಲು ಅವರದೇ. ಅವರು ಊರು ಬಿಟ್ಟು ಹೋದರೆಂದು ನಾವು ದೂರುವುದಿಲ್ಲ, ಹೆಮ್ಮೆಪಡುತ್ತೇವೆ. 2017ರಲ್ಲಿ ಅವರು ತೀರಿಕೊಂಡಾಗ ತೊಂಬತ್ತು ವರ್ಷ. ನಮ್ಮೂರಿನಿಂದ ಹೋದವನಿಗೆ ಒಂದು ನ್ಯಾಯ, ನಮ್ಮೂರಿಗೆ ಬಂದು ಹೋದವನಿಗೆ ಇನ್ನೊಂದು ನ್ಯಾಯವೆಂದರೆ ಹೇಗೆ?

2022-23ರ ಲೀಗಿನಲ್ಲಿ ಸಿಲ್ವ 12 ಗೋಲು ಹೊಡೆದರೂ ಆತನ ತಂಡ ಒಂಬತ್ತನೆಯ ಸ್ಥಾನದಲ್ಲಿಯೇ ಉಳಿಯಿತು. ಆದರೆ 2024ರ ಜನವರಿ 28ರಂದು, ಭುವನೇಶ್ವರದಲ್ಲಿ ನಡೆದ ಸೂಪರ್ ಕಪ್ ಫೈನಲಿನಲ್ಲಿ, ಹೆಚ್ಚುವರಿ ಕಾಲದ ಗೋಲಿನಿಂದ ಒಡಿಶಾ ತಂಡವನ್ನು 3-2ರಿಂದ ಸೋಲಿಸಿ, ಹನ್ನೆರಡು ವರ್ಷಗಳ ನಂತರ ಕ್ಲಬ್ಬಿಗೆ ರಾಷ್ಟ್ರಮಟ್ಟದ ಕಪ್ಪೊಂದನ್ನು ತಂದುಕೊಟ್ಟವನು ಆತನೇ. ಆಗ ಆತ ನಾಯಕ. ವಯಸ್ಸು ಮೂವತ್ತೇಳಕ್ಕೆ ವಾರ ಕಡಿಮೆ. ಅಂದು ಟಿ.ವಿ. ಮುಂದೆ ಚಪ್ಪಾಳೆ ತಟ್ಟಿದವನು ನಾನು. ಅಪ್ಪ ಕೆಲಸದಿಂದ ಬಂದು ಮಲಗಿಬಿಟ್ಟಿದ್ದರು. ಮರುವರ್ಷ ಜನವರಿಯಲ್ಲಿ ಕರಾರು ಮುಗಿಸಿಕೊಂಡು ಸಿಲ್ವ ಕಲ್ಕತ್ತೆಯನ್ನೂ ಬಿಟ್ಟ.