ರಸ್ತೆಗೆ ಮುನ್ನ ನೆಲದ ಓದು

ಹೊಸ ರಸ್ತೆಯೊಂದು ಬರುವುದೆಂದರೆ ಊರಿಗೆ ಸಂತೋಷ. ಸಂತೆಗೂ ಆಸ್ಪತ್ರೆಗೂ ದಾರಿ ಹತ್ತಿರವಾಗುತ್ತದೆ. ಆದರೆ ಆ ರಸ್ತೆ ಹಾದುಹೋಗುವ ಹೊಲದ ಅಡಿಯಲ್ಲಿ ಇನ್ನೊಂದು ಊರು ಹುದುಗಿರಬಹುದು. ಅದರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆ ನೆಲಕ್ಕೆ ಅಕ್ಷರ ಬರುವ ಮೊದಲೇ ಅಲ್ಲಿ ಜನ ಬಾಳಿ ಹೋಗಿದ್ದಾರೆ. ರಸ್ತೆಯ ಕೆಲಸ ತೊಡಗುವ ಮುನ್ನ ಅಂಥ ಊರು ಅಲ್ಲಿ ಇದೆಯೇ ಎಂದು ಅರಿಯಲು ನಡೆಸುವ ಅಗೆತಕ್ಕೆ ಪರೀಕ್ಷಾ ಉತ್ಖನನವೆಂದು ಹೆಸರು.

ಉತ್ಖನನವೆಂದೊಡನೆ ನಿಧಿ, ವಿಗ್ರಹ, ನಾಣ್ಯಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ಪ್ರಾಗೈತಿಹಾಸಿಕ ನೆಲೆಗಳಲ್ಲಿ ಬಹುಮಟ್ಟಿಗೆ ದೊರೆಯುವುದು ಅವಲ್ಲ. ಮರ, ಹುಲ್ಲು, ಹಸಿಮಣ್ಣುಗಳಿಂದ ಕಟ್ಟಿದ ಮನೆ ಮಣ್ಣಿಗೇ ಸೇರಿಹೋಗಿರುತ್ತದೆ. ಉಳಿಯುವುದು ಕಂಬ ನಿಂತಿದ್ದ ಗುಳಿ. ಕಂಬ ಕೊಳೆತಂತೆಲ್ಲ ಮೇಲಿನ ಮಣ್ಣು ಇಳಿದು ಆ ಗುಳಿಯನ್ನು ತುಂಬಿಕೊಳ್ಳುತ್ತದೆ. ಅದರ ಬಣ್ಣ ಸುತ್ತಣ ಮಣ್ಣಿಗಿಂತ ಕಪ್ಪು, ಹದವೂ ಸಡಿಲ. ನೋಡುವವರಿಗೆ ಅದು ಅಂಗೈಯಗಲದ ಒಂದು ಕರಿಯ ಮಚ್ಚೆ, ಅಷ್ಟೆ. ಒಂದು ಮಚ್ಚೆಯಿಂದ ಏನೂ ತಿಳಿಯದು. ಹತ್ತಿಪ್ಪತ್ತು ಮಚ್ಚೆಗಳು ವೃತ್ತವಾಗಿ ಸಾಲುಗೊಂಡರೆ ಅಲ್ಲಿ ಗುಡಿಸಲೊಂದಿತ್ತೆಂದು ಹೇಳಬಹುದು. ಈ ಬರಹವನ್ನು ಅಳಿಸಲು ಬುಲ್‌ಡೋಜರಿಗೆ ಕ್ಷಣಮಾತ್ರ ಸಾಕು. ಅಳಿಸಿದ್ದು ಏನೆಂಬುದು ಅದನ್ನು ನಡೆಸುವವನಿಗೆ ತಿಳಿಯುವುದೂ ಇಲ್ಲ.

ಕೆಲಸದ ಕ್ರಮ ಹೀಗೆ. ಮೊದಲು ಹಳೆಯ ನಕ್ಷೆ, ದಾಖಲೆಗಳ ಪರಿಶೀಲನೆ. ಆಮೇಲೆ ರಸ್ತೆಯ ಗೆರೆಯುದ್ದಕ್ಕೂ ನಡೆದು, ಉಳುವಾಗ ಮೇಲೆದ್ದ ಮಡಕೆಚೂರು, ಕಲ್ಲಿನ ಆಯುಧಗಳನ್ನು ಹುಡುಕುತ್ತಾರೆ. ನೆಲವನ್ನು ಅಗೆಯದೆಯೇ ಅದರ ಕಾಂತಗುಣದ ವ್ಯತ್ಯಾಸಗಳನ್ನು ಅಳೆಯುವ ಉಪಕರಣಗಳೂ ಉಂಟು. ಅನಂತರ ಅಲ್ಲಲ್ಲಿ ಕಿರಿದಾದ, ಉದ್ದನೆಯ ಕಂದಕಗಳನ್ನು ತೋಡುತ್ತಾರೆ. ಮೇಲ್ಮಣ್ಣನ್ನು ಯಂತ್ರವೇ ತೆಳುವಾಗಿ ಹೆರೆಯಬಹುದು. ಮಣ್ಣಿನ ಬಣ್ಣ ಬದಲಾದ ಕೂಡಲೇ ಯಂತ್ರ ನಿಲ್ಲಬೇಕು, ಕೈಗೆ ಕರಣೆ ಬರಬೇಕು. ಗುಳಿಯ ಅರ್ಧಭಾಗವನ್ನು ಮಾತ್ರ ಬಿಡಿಸಿ, ಉಳಿದರ್ಧದ ಸೀಳುಮುಖವನ್ನು ಅಳೆದು ಚಿತ್ರ ಬರೆದುಕೊಳ್ಳುತ್ತಾರೆ. ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಿಕಾದ ಕಾಳುಗಳು ತೇಲಿ ಬರುತ್ತವೆ. ಇದ್ದಿಲಿನಿಂದ ಕಾರ್ಬನ್-೧೪ ವಿಧಾನದಲ್ಲಿ ಕಾಲವನ್ನು ಗುಣಿಸುತ್ತಾರೆ.

ನೆಲೆಯನ್ನು ಪೂರ್ತಿಯಾಗಿ ಅಗೆಯುವುದು ಈ ಹಂತದ ಉದ್ದೇಶವಲ್ಲ. ಅದು ಎಷ್ಟು ವಿಸ್ತಾರ, ಎಷ್ಟು ಆಳ, ಯಾವ ಕಾಲದ್ದು, ಯಾವ ಸ್ಥಿತಿಯಲ್ಲಿದೆ—ಇಷ್ಟು ತಿಳಿದರೆ ಸಾಕು. ರಸ್ತೆಯನ್ನು ತಿರುಗಿಸಬೇಕೇ, ಅಥವಾ ನೆಲೆಯನ್ನು ಸಂಪೂರ್ಣವಾಗಿ ಅಗೆದು ದಾಖಲಿಸಿ ದಾರಿಗೆ ಬಿಟ್ಟುಕೊಡಬೇಕೇ ಎಂಬುದನ್ನು ಆಗ ನಿರ್ಧರಿಸಬಹುದು. ಈ ನಿರ್ಧಾರ ಎರಡು ದೇಶಗಳಲ್ಲಿ ಎರಡು ಬಗೆಯಾದುದನ್ನು ನೋಡೋಣ.

ಐರ್ಲೆಂಡಿನ ಮೀತ್ ಪ್ರಾಂತದಲ್ಲಿ ಟಾರಾ ಎಂಬ ಗುಡ್ಡವಿದೆ. ಅಲ್ಲಿಯ ಪುರಾಣಗಳಲ್ಲಿ ಅದು ಅರಸರ ಪೀಠ. ಅದರ ಸಮೀಪದಲ್ಲಿ ಎಂ-೩ ಹೆದ್ದಾರಿಯ ಕೆಲಸಕ್ಕೆ ಮೊದಲು ಅಗೆತ ನಡೆದಾಗ, ೨೦೦೭ರಲ್ಲಿ, ಲಿಸ್‌ಮಲಿನ್ ಎಂಬಲ್ಲಿ ಸುಮಾರು ೮೦ ಮೀಟರು ಅಡ್ಡಳತೆಯ ವರ್ತುಲಾಕಾರದ ಆವರಣವೊಂದು ಬೆಳಕಿಗೆ ಬಂದಿತು. ಕಲ್ಲಿನ ಗೋಡೆಯಿಲ್ಲ, ಇದ್ದುದು ಗೂಟಗಳ ಗುಳಿಸಾಲು ಮಾತ್ರ. ಕಬ್ಬಿಣಯುಗದ ಆ ನೆಲೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಆದರೂ ರಸ್ತೆಯ ದಾರಿ ಬದಲಾಗಲಿಲ್ಲ. ವಿರೋಧದ ನಡುವೆಯೇ ನೆಲೆಯನ್ನು ಅಗೆದು ದಾಖಲಿಸಿದರು. ೨೦೧೦ರಲ್ಲಿ ಹೆದ್ದಾರಿ ತೆರೆಯಿತು.

ಜಪಾನಿನ ಹೊಕ್ಕೈಡೊ ದ್ವೀಪದ ಮೋರಿ ಪಟ್ಟಣಕ್ಕೆ ಸೇರಿದ ವಾಶಿನೋಕಿಯಲ್ಲಿಯೂ ಇಂಥದೇ ಸಂದರ್ಭ ಒದಗಿತು. ೨೦೦೩ರಲ್ಲಿ ವೇಗದ ಹೆದ್ದಾರಿಗಾಗಿ ನೆಲವನ್ನು ಶೋಧಿಸುತ್ತಿದ್ದಾಗ ಸುಮಾರು ೪೦೦೦ ವರ್ಷಗಳ ಹಿಂದಿನ, ಜೋಮೊನ್ ಸಂಸ್ಕೃತಿಯ ದೊಡ್ಡ ಶಿಲಾವೃತ್ತ ಕಂಡಿತು. ಅಲ್ಲಿ ಯೋಜನೆಯನ್ನೇ ಬದಲಿಸಿ, ರಸ್ತೆಯನ್ನು ಸುರಂಗದ ಮೂಲಕ ವೃತ್ತದ ಕೆಳಗಿನಿಂದ ಸಾಗಿಸಿದರು. ೨೦೦೬ರಲ್ಲಿ ಆ ಸ್ಥಳ ರಾಷ್ಟ್ರೀಯ ಐತಿಹಾಸಿಕ ನೆಲೆಯಾಯಿತು.

ದಾಖಲಿಸಿದ ಮೇಲೆ ನೆಲೆ ಹೋದರೇನು ಎಂದು ಕೇಳಬಹುದು. ತಾಳೆಗರಿಯ ಒಂದು ಕಟ್ಟನ್ನು ನೂರು ಜನ ವಿದ್ವಾಂಸರು ನೂರು ಸಲ ಓದಬಹುದು. ಒಬ್ಬರ ಪಾಠವನ್ನು ಇನ್ನೊಬ್ಬರು ತಿದ್ದಬಹುದು. ಮಣ್ಣಿನ ಪದರಕ್ಕೆ ಆ ಭಾಗ್ಯವಿಲ್ಲ. ಅದನ್ನು ಓದುವುದೆಂದರೆ ತೆಗೆದುಹಾಕುವುದೇ. ಅಗೆದವರು ಬರೆದಿಟ್ಟ ಟಿಪ್ಪಣಿ, ನಕ್ಷೆ, ತೆಗೆದಿಟ್ಟ ವಸ್ತುಗಳೇ ಮುಂದಿನವರಿಗೆ ಮೂಲಪ್ರತಿ. ಆದ್ದರಿಂದ ಸಾಧ್ಯವಿದ್ದಲ್ಲಿ ಉಳಿಸುವುದು ಮೇಲು. ಸಾಧ್ಯವಿಲ್ಲದಲ್ಲಿ ಸಾವಧಾನವಾಗಿ ಓದುವುದು ಕನಿಷ್ಠ ಧರ್ಮ.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯ ಬದಿಯಲ್ಲೇ ಕುಡತಿನಿಯ ಬೂದಿದಿಬ್ಬವಿದೆ. ಹಂಪೆಯ ಬಳಿಯ ನಿಂಬಾಪುರದ ಇಂಥ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬಿದ್ದಾರೆ. ಈ ಬೂದಿಯ ಒಗಟನ್ನು ಬಿಡಿಸಿದ್ದು ಶಾಸನವಲ್ಲ, ಕಾವ್ಯವಲ್ಲ, ಕಂಬದ ಗುಳಿ. ೧೯೫೭ರಲ್ಲಿ ಎಫ್. ಆರ್. ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥ ದಿಬ್ಬವನ್ನು ಅಗೆದಾಗ, ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೂ ಸುತ್ತಣ ಬೇಲಿಯ ಕಂಬಗಳ ಗುಳಿಸಾಲುಗಳೂ ಕಂಡವು. ನವಶಿಲಾಯುಗದ ದನಗಾಹಿಗಳ ಕೊಟ್ಟಿಗೆಯಲ್ಲಿ ರಾಶಿಬಿದ್ದ ಸೆಗಣಿ ಸುಟ್ಟು ಆದ ಬೂದಿ ಅದೆಂದು ತಿಳಿಯಿತು. ಆ ಕಾಲದ ನಮ್ಮ ನೆಲೆಗಳ ಮಣ್ಣಿನಲ್ಲಿ ಹುರುಳಿ, ಹೆಸರು, ಕೊರಲೆಯ ಕರಿಕಾದ ಕಾಳುಗಳೂ ದೊರೆತಿವೆ. ನಮ್ಮ ಊಟಕ್ಕೆ ಎಷ್ಟು ಹಳೆಯ ಬೇರಿದೆ ಎಂಬುದನ್ನು ಹೇಳುವ ಸಾಕ್ಷಿ ಇದು.

ನಮ್ಮ ದೇಶದಲ್ಲಿ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿ, ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಅದರಾಚೆಯ ೨೦೦ ಮೀಟರನ್ನು ನಿಯಂತ್ರಣಕ್ಕೆ ಒಳಪಡಿಸಿತು. ಆದರೆ ಈ ಕಾವಲು ಪಟ್ಟಿಯಲ್ಲಿ ಹೆಸರಿರುವ ಸ್ಥಳಗಳಿಗೆ. ಇನ್ನೂ ಯಾರೂ ಕಾಣದ ಊರು ಪಟ್ಟಿಗೆ ಸೇರುವುದಾದರೂ ಹೇಗೆ? ಅದನ್ನು ಕಾಣುವುದಕ್ಕೆ ಇರುವ ಕೊನೆಯ ಅವಕಾಶವೇ ರಸ್ತೆಗೆ ಮುಂಚಿನ ಪರೀಕ್ಷೆ. ಅದಕ್ಕೆ ತಗಲುವುದು ಒಂದಷ್ಟು ಕಾಲ, ಒಂದಷ್ಟು ಹಣ, ಬಹಳಷ್ಟು ತಾಳ್ಮೆ. ರಸ್ತೆ ಒಂದು ವರ್ಷ ತಡವಾದರೂ ಬಂದೀತು. ಅಳಿಸಿಹೋದ ಗುಳಿಸಾಲನ್ನು ಮಾತ್ರ ಯಾವ ಇಂಜಿನಿಯರೂ ಮತ್ತೆ ತೋಡಿಕೊಡಲಾರ.