ಕರುವಿನ ಕೊಂಬು ಸುಡುವ ಮುನ್ನ

2018ರ ನವೆಂಬರ್ 25ರಂದು ಸ್ವಿಟ್ಜರ್ಲೆಂಡಿನ ಮತದಾರರ ಮುಂದೆ ಹಸುವಿನ ಕೊಂಬಿನ ಪ್ರಶ್ನೆ ಬಂತು. ಆರ್ಮಿನ್ ಕಪಾಲ್ ಎಂಬ ಗುಡ್ಡಗಾಡಿನ ರೈತ ವರ್ಷಗಟ್ಟಲೆ ಓಡಾಡಿ, ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿ ಅದನ್ನು ಅಲ್ಲಿಯವರೆಗೆ ತಂದಿದ್ದರು. ಕೊಂಬು ತೆಗೆಯುವುದನ್ನು ನಿಷೇಧಿಸಿ ಎಂದು ಅವರು ಕೇಳಲಿಲ್ಲ. ಕೊಂಬುಳ್ಳ ದನ, ಮೇಕೆ ಸಾಕುವವರಿಗೆ ಸಹಾಯಧನ ಕೊಡಿ ಎಂದರು. ಶೇ. 54.7ರಷ್ಟು ಮತದಾರರು ಬೇಡವೆಂದರು. ಆ ದೇಶದ ಹಸುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಆಗಲೇ ಕೊಂಬಿರಲಿಲ್ಲ.

ಬೇಡವೆಂದವರ ವಾದದಲ್ಲೂ ಹುರುಳಿತ್ತು. ಹಗ್ಗವಿಲ್ಲದೆ ಕೊಟ್ಟಿಗೆಯಲ್ಲಿ ಅಡ್ಡಾಡಿಕೊಂಡಿರುವ ಹಸುಗಳು ಮೇವಿಗಾಗಿ ಒಂದನ್ನೊಂದು ಹಾಯುತ್ತವೆ. ಕೆಚ್ಚಲಿಗೆ ಏಟು ಬೀಳುತ್ತದೆ, ಹಾಲು ಕರೆಯುವವರಿಗೂ ಅಪಾಯ. ಕೊಂಬು ಉಳಿಸಬೇಕಾದರೆ ಜಾಗ ಹೆಚ್ಚು ಬೇಕು. ಇಲ್ಲದಿದ್ದರೆ ರೈತರು ಹಸುಗಳನ್ನು ಮತ್ತೆ ಕಟ್ಟಿಹಾಕಿಯಾರು ಎಂಬ ಆತಂಕ ಸರ್ಕಾರದ್ದಾಗಿತ್ತು.

ಆದರೆ ಕೊಂಬು ಜೀವವಿಲ್ಲದ ಅಂಗವಲ್ಲ. ಹೊರಗಿನ ಚಿಪ್ಪಿನೊಳಗೆ ರಕ್ತ ಹರಿಯುವ, ನರಗಳಿರುವ ಮೂಳೆಯಿದೆ. ಹುಟ್ಟಿದ ಮೊದಲ ಎರಡು ತಿಂಗಳು ಕೊಂಬಿನ ಮೊಳಕೆ ಚರ್ಮಕ್ಕಷ್ಟೇ ಅಂಟಿಕೊಂಡಿರುತ್ತದೆ, ಆಮೇಲೆ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ. ಇನ್ನೂ ಬೆಳೆದರೆ ಹಣೆಯ ಗಾಳಿಗೂಡು ಕೊಂಬಿನೊಳಕ್ಕೂ ಚಾಚಿಕೊಳ್ಳುತ್ತದೆ. ಅಂಥ ದನದ ಕೊಂಬು ಕೊಯ್ದರೆ ರಕ್ತ ಸುರಿಯುತ್ತದೆ, ತೆರೆದ ಗೂಡಿಗೆ ನೊಣ, ಕೀವು ಹೊಕ್ಕುವ ಭಯವಿರುತ್ತದೆ. ಮಾಡುವುದಾದರೆ ಎಳೆಗರುವಿನಲ್ಲೇ ಮಾಡಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ.

ಎಳೆಗರುವಿಗೆ ನೋವಾಗದು ಎಂಬ ನಂಬಿಕೆ ಮಾತ್ರ ಶುದ್ಧ ತಪ್ಪು. ಮೊಳಕೆಯ ಸುತ್ತ ಕಾಯಿಸಿದ ಕಬ್ಬಿಣ ಒತ್ತಿದಾಗ ಕರು ತಲೆ ಕೊಡವುತ್ತದೆ, ಒದ್ದಾಡುತ್ತದೆ, ಆಮೇಲೂ ಕಿವಿ ಬಡಿಯುತ್ತಲೇ ಇರುತ್ತದೆ. ಸುಟ್ಟ ಗಾಯ ಮಾಯಲು ವಾರಗಳೇ ಬೇಕು. ಕಾಸ್ಟಿಕ್ ಮುಲಾಮು ಹಚ್ಚಿದರೆ ಬೆಂಕಿ ಕಾಣುವುದಿಲ್ಲ, ಉರಿಯಂತೂ ತಪ್ಪುವುದಿಲ್ಲ. ಮಳೆನೀರು ಬಿದ್ದರೆ ಮುಲಾಮು ಕಣ್ಣಿಗೂ ಇಳಿಯುತ್ತದೆ.

ಪರಿಹಾರ ದೂರದಲ್ಲಿಲ್ಲ. ಕೊಂಬಿನ ನರ ಕಣ್ಣಿನ ಮೂಲೆಯಿಂದ ಕೊಂಬಿನ ಬುಡಕ್ಕೆ ಮೂಳೆಯ ಅಂಚಿನುದ್ದಕ್ಕೂ ಸಾಗುತ್ತದೆ. ಅಲ್ಲಿಗೆ ಲಿಗ್ನೋಕೇನ್ ಎಂಬ ಅರಿವಳಿಕೆ ಮದ್ದು ಚುಚ್ಚಿ, ಕೆಲವು ನಿಮಿಷ ಕಾದರೆ ಜಾಗ ಮರಗಟ್ಟುತ್ತದೆ. ಆ ಮದ್ದಿನ ಪ್ರಭಾವ ಕೆಲವೇ ತಾಸು. ಆಮೇಲಿನ ನೋವಿಗೆ ಮೆಲಾಕ್ಸಿಕಾಂನಂಥ ಔಷಧ ಬೇಕು. ಎರಡೂ ಸಾಮಾನ್ಯ ಪಶು ಔಷಧಗಳೇ. ನ್ಯೂಜಿಲೆಂಡ್ 2019ರ ಅಕ್ಟೋಬರ್‌ನಿಂದ ಅರಿವಳಿಕೆಯನ್ನು ಕಡ್ಡಾಯಗೊಳಿಸಿದೆ. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ, ನಿಗದಿತ ರೀತಿಯಲ್ಲಿ ಕೊಂಬು ತೆಗೆಯುವುದನ್ನು ಹಿಂಸೆಯ ಪಟ್ಟಿಯಿಂದ ಹೊರಗಿಟ್ಟಿದೆ.

ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳಿಗೆ ಹಿಂದಕ್ಕೆ ಬಾಗಿ ಮೇಲೇಳುವ ಚೂಪು ಕೊಂಬೇ ಗುರುತು. ಕೊಂಬಿಗೆ ಬಣ್ಣ ಬಳಿದು, ಅಣಸು ತೊಡಿಸಿ ಸಂಕ್ರಾಂತಿಗೆ ಕಿಚ್ಚು ಹಾಯಿಸುವ ರೈತರಿಗೆ ಅದನ್ನು ಸುಡುವ ಮಾತೇ ಸಲ್ಲದು. ಪ್ರಶ್ನೆ ಏಳುವುದು ಮಿಶ್ರತಳಿ ಹಸುಗಳನ್ನು ಇಕ್ಕಟ್ಟಿನಲ್ಲಿ ಬಿಟ್ಟು ಸಾಕುವ ಡೈರಿಗಳಲ್ಲಿ.

ಕಬ್ಬಿಣವೇ ಬೇಡದ ದಾರಿಯೂ ಇದೆ. ಆಂಗಸ್ ದನಗಳಿಗೆ ಹುಟ್ಟಿನಿಂದಲೇ ಕೊಂಬಿಲ್ಲ. ಈ ಗುಣದ ಜೀನ್ ಪ್ರಬಲವಾದದ್ದು. ಅದರ ಎರಡೂ ಪ್ರತಿಗಳಿರುವ ಹೋರಿಯಾದರೆ ಕರುಗಳೆಲ್ಲ ಕೊಂಬಿಲ್ಲದವೇ ಆಗುತ್ತವೆ. ಅಮೆರಿಕದ ರೀಕಾಂಬಿನೆಟಿಕ್ಸ್ ಕಂಪನಿ ಜೀನ್ ತಿದ್ದಿ ಇಂಥ ಹೋರಿಗಳನ್ನು ಹುಟ್ಟಿಸಿತು. ಅವುಗಳಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕೂ ಸೇರಿಕೊಂಡಿದ್ದು 2019ರಲ್ಲಿ ಬಯಲಾಯಿತು. ಮಾಮೂಲಿ ತಳಿ ಸಂವರ್ಧನೆಯಿಂದ ಬಂದ ಕೊಂಬಿಲ್ಲದ ಹೋಲ್‌ಸ್ಟೀನ್ ಹೋರಿಗಳ ವೀರ್ಯ ಯುರೋಪು, ಅಮೆರಿಕಗಳಲ್ಲಿ ಬಳಕೆಯಲ್ಲಿದೆ. ಆದರೆ ಕೆಲವೇ ಹೋರಿಗಳನ್ನು ನೆಚ್ಚಿಕೊಂಡರೆ ಒಂದೇ ರಕ್ತದ ಕರುಗಳು ಹೆಚ್ಚುತ್ತವೆ. ಹಾಗಾಗಿ ತಳಿಗಾರರು ಈ ಗುಣವನ್ನು ನಿಧಾನವಾಗಿ, ಹಲವು ತಲೆಮಾರುಗಳಲ್ಲಿ ಹರಡಬೇಕಾಗಿದೆ.